ಮೇಸ್ತ್ರಿಯವರ ಗದ್ದೆಗೆ ಬಿತ್ತಿದ ಅಲಸಂದೆ

ಗಿಡ ಕಿತ್ತು ಬೇರು ನೋಡುವುದು ನನಗೊಂದು ಚಟ. ಯಾರ ಮನೆಯ ಹಿತ್ತಲಿಗೇ ಹೋಗಲಿ, ಮಾತಾಡುತ್ತ ಮಾತಾಡುತ್ತ ಕೈ ತಾನಾಗಿ ಒಂದು ಬೀನ್ಸ್ ಗಿಡದ ಬುಡಕ್ಕೆ ಹೋಗಿಬಿಡುತ್ತದೆ. "ಅಯ್ಯೋ ಮಾರಾಯ್ತಿ, ಬಿಡೇ ಅದನ್ನ, ಅವ್ರ ಮನೆ ಗಿಡ ಅದು" ಎಂದು ನಮ್ಮ ಮನೆಯವರು ಎಷ್ಟು ಸಲ ಕೈ ಹಿಡಿದು ಎಳೆದಿದ್ದಾರೋ ಲೆಕ್ಕವಿಲ್ಲ. ಮೊದಲಿನಿಂದಲೂ ಕೂತಲ್ಲಿ ಕೂರುವವಳಲ್ಲ ನಾನು. ಅನ್ನಕ್ಕಿಟ್ಟರೆ ಬೇಯುವುದರೊಳಗೆ ಮೂರು ಸಲ ಮುಚ್ಚಳ ತೆಗೆಯುತ್ತೇನೆ. ಕಾಫಿ ಹೂವಾಗುವ ಕಾಲದಲ್ಲಿ ಆಕಾಶ ನೋಡಿ ನೋಡಿ ಕುತ್ತಿಗೆ ಹಿಡಿಸಿಕೊಳ್ಳುತ್ತೇನೆ. ಆದರೆ ಬೇರು ನೋಡುವ ಹುಚ್ಚು ಹತ್ತಿದ್ದು ಮಾತ್ರ ನಮ್ಮ ಮೇಸ್ತ್ರಿಯವರ ಗದ್ದೆಯಲ್ಲಿ. ಅದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹೇಳಿದ ಮೇಲೆ ಸಮಾಧಾನ ಆಗುತ್ತದೆ ಎಂಬ ಭರವಸೆಯೂ ಇಲ್ಲ.

ನಮ್ಮ ತೋಟ ಕೊಟ್ಟಿಗೆಹಾರದಿಂದ ಒಳಕ್ಕೆ ಇದೆ, ಜೀಪು ಉಸ್ಸೆಂದು ಹತ್ತಬೇಕಾದ ಕಡೆ. ಮೇಸ್ತ್ರಿ ಎಂದರೆ ಆಳುಗಳ ಹಾಜರಿ ಕರೆದು, ಯಾರು ಯಾವ ಬ್ಲಾಕಿಗೆ ಎಂದು ಹೇಳಿ, ಬೆಳಗಿನಿಂದ ಸಂಜೆಯವರೆಗೆ ಅವರ ಹಿಂದೆ ತಿರುಗುವವರು. ನಾನು ಮದುವೆಯಾಗಿ ಈ ಮನೆಗೆ ಬರುವ ಮೊದಲೇ ಅವರು ಇಲ್ಲಿದ್ದರು. ಅರೇಬಿಕಾ ಎಲೆ ಯಾವುದು, ರೊಬಸ್ಟಾ ಎಲೆ ಯಾವುದು ಎಂದು ನನಗೆ ತೋರಿಸಿಕೊಟ್ಟವರೇ ಅವರು. ಆಳುಗಳಿಗೆಂದು ತೋಟದಲ್ಲಿ ಕಟ್ಟಿಸಿದ ಲೈನ್ ಮನೆಯಲ್ಲಿ ಹೆಂಡತಿಯ ಜೊತೆ ಇದ್ದರು. ನಾನು ಹೇಳುತ್ತಿರುವ ವರ್ಷದ ಮಳೆಗಾಲ ಕಳೆದರೆ ಕೆಲಸ ಬಿಡುತ್ತೇನೆ, ಮೊಣಕಾಲು ಕೇಳುವುದಿಲ್ಲ ಎಂದು ಆಗಲೇ ಹೇಳಿಯಾಗಿತ್ತು.

ಕೆಲಸ ಬಿಟ್ಟರೆ ಲೈನ್ ಮನೆಯನ್ನೂ ಬಿಡಬೇಕು. ಅವರಿಗೆ ಸ್ವಂತದ್ದೆಂದು ಇದ್ದದ್ದು ನಮ್ಮ ತೋಟದ ಕೆಳಗೆ, ಹಳ್ಳದ ದಂಡೆಯಲ್ಲಿ, ಸರ್ಕಾರದ ದರಖಾಸ್ತಿನಲ್ಲಿ ಸಿಕ್ಕಿದ ಒಂದು ಎಕರೆಗೂ ಕಡಿಮೆ ಗದ್ದೆ. ಅದರ ತಲೆಯ ಮೇಲೆ ಒಂದು ಮನೆ ಕಟ್ಟಿಕೊಂಡು, ತಾವು ಬೆಳೆದ ಅಕ್ಕಿಯ ಗಂಜಿ ಕುಡಿದುಕೊಂಡು ಇಬ್ಬರೂ ಇದ್ದುಬಿಡುವುದು ಅವರ ಆಸೆ. ಆದರೆ ಆ ಗದ್ದೆಯನ್ನು ಬಯಲುಸೀಮೆಯವರಿಗೆ ಶುಂಠಿ ಬೆಳೆಯಲು ಬಿಟ್ಟುಕೊಟ್ಟಿದ್ದರು. ಅವರು ಹಾಕಬಾರದ್ದನ್ನೆಲ್ಲ ಹಾಕಿ, ತೆಗೆಯುವುದನ್ನೆಲ್ಲ ತೆಗೆದುಕೊಂಡು ಹೋದರು. ಆಮೇಲೆ ಎರಡು ಸಲ ನಾಟಿ ಮಾಡಿದರೂ ಪೈರು ಮೊಣಕಾಲೆತ್ತರಕ್ಕೆ ನಿಂತು ತೆನೆಯೆಲ್ಲ ಜೊಳ್ಳು.

ಇದನ್ನು ನೋಡುತ್ತಿದ್ದ ಪಕ್ಕದ ತೋಟದವರಿಗೆ ಆ ತಗ್ಗಿನ ಜಾಗದ ಮೇಲೆ ಕಣ್ಣಿತ್ತು. ಬೇಸಿಗೆಯಲ್ಲಿ ಮೊಗ್ಗು ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ ಸ್ಪ್ರಿಂಕ್ಲರ್ ಹಾಕಲು ಅವರಿಗೊಂದು ಕೆರೆ ಬೇಕು. ಗದ್ದೆ ಬಿಟ್ಟುಕೊಟ್ಟರೆ ಅದಕ್ಕೆ ಬದಲಾಗಿ ರಸ್ತೆ ಪಕ್ಕದಲ್ಲಿ ಮನೆ ಕಟ್ಟುವಷ್ಟು ಜಾಗ ಕೊಡುತ್ತೇವೆ ಎಂದಿದ್ದರು. ಹ್ಞೂಂ ಅಂದರೆ ಹಿಟಾಚಿ ತರಿಸಿ ತೋಡಿಸುವುದೇ ಬಾಕಿ.

"ಇದೊಂದು ವರ್ಷ ನೋಡ್ತೀನಮ್ಮಾ" ಎಂದರು ಮೇಸ್ತ್ರಿ. "ಭೂಮಿ ತಿರುಗಿ ಎದ್ರೆ ಇಟ್ಕಳದು. ಇಲ್ಲ ಅಂದ್ರೆ ಅವ್ರಿಗೆ ಬಿಟ್ಕೊಡದು. ಮನೆನಾದ್ರೂ ಆಗ್ತದೆ."

"ಏಳದೆ ಎಲ್ಲಿಗೆ ಹೋಗುತ್ತೆ? ನಾನು ಎಬ್ಬಿಸ್ತೀನಿ, ನೀವು ಸುಮ್ನಿರಿ" ಎಂದೆ.

ಬಿಎಸ್ಸಿಯಲ್ಲಿ ಸಸ್ಯಶಾಸ್ತ್ರ ಓದಿದವಳು ನಾನು. ಇಪ್ಪತ್ತೈದು ವರ್ಷ ಅದು ಯಾವ ಉಪಯೋಗಕ್ಕೂ ಬಂದಿರಲಿಲ್ಲ. ಒಂದು ತರಬೇತಿಗೆ ಹೋಗಿ ಅರ್ಧ ದಿನ ಕೂತು ಬಂದ ಮೇಲಂತೂ ನನ್ನನ್ನು ಹಿಡಿಯುವವರೇ ಇರಲಿಲ್ಲ. ಅಲಸಂದೆ, ಹುರುಳಿ, ಅವರೆ, ನಮ್ಮ ತೋಟದ ನೆರಳಿಗೆ ನಿಂತಿರುವ ಹಾಲುವಾಣ, ಇವೆಲ್ಲ ಒಂದೇ ಬಳಗದ ಗಿಡಗಳು. ಇವುಗಳ ಬೇರಿನಲ್ಲಿ ಸಣ್ಣ ಸಣ್ಣ ಗಂಟು ಕಟ್ಟುತ್ತದೆ. ಗಂಟಿನೊಳಗೆ ಕಣ್ಣಿಗೆ ಕಾಣದ ಜೀವಾಣು ಸಂಸಾರ ಹೂಡಿ, ಗಾಳಿಯಲ್ಲಿರುವ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತದೆ. ಗಿಡ ಅದಕ್ಕೆ ಪ್ರತಿಯಾಗಿ ಸಕ್ಕರೆ ಕೊಟ್ಟು ಸಾಕುತ್ತದೆ. ಗಂಟನ್ನು ಉಗುರಿನಲ್ಲಿ ಸೀಳಿದಾಗ ಒಳಗೆ ಕೆಂಪಗಿದ್ದರೆ ಕೆಲಸ ನಡೆಯುತ್ತಿದೆ ಎಂದು ಅರ್ಥ. ಬೆಳ್ಳಗಿದ್ದರೆ ಸಂಸಾರ ಇದೆ, ಒಲೆ ಹೊತ್ತಿಲ್ಲ. ಬಿತ್ತಿ ಕಾಯಿ ಕೊಯ್ದುಕೊಂಡು, ಮಳೆಗಾಲಕ್ಕೆ ಮುಂಚೆ ಬಳ್ಳಿಯನ್ನು ಉಳುಮೆಯಲ್ಲಿ ಮುಚ್ಚಿದರೆ ಸತ್ತ ಮಣ್ಣೂ ಉಸಿರಾಡುತ್ತದೆ.

ಮೊದಲು ಮಣ್ಣಿನ ಪರೀಕ್ಷೆ ಎಂದು ಹಠ ಹಿಡಿದೆ. ಜನವರಿಯ ಬಿಸಿಲಿನಲ್ಲಿ ಇಬ್ಬರೂ ಗದ್ದೆಗೆ ಇಳಿದೆವು. ನಮ್ಮ ಕಡೆ ಗೊಬ್ಬರದ ಖಾಲಿ ಚೀಲವಿಲ್ಲದೆ ಯಾವ ಕೆಲಸವೂ ಸಾಗುವುದಿಲ್ಲ. ಕೂರುವುದು ಅದರ ಮೇಲೆ, ನರ್ಸರಿಗೆ ಮಣ್ಣು ಹೊರುವುದು ಅದರಲ್ಲಿ, ಮೆಣಸು ಒಣಗಿಸುವಾಗ ಮಳೆ ಬಂದರೆ ಮುಚ್ಚುವುದೂ ಅದನ್ನೇ. ಗೋಡೌನಿನಿಂದ ಕೈಗೆ ಸಿಕ್ಕಿದ ಒಂದು ಚೀಲ ತಂದು ನಾನೇ ಮೇಸ್ತ್ರಿಯವರಿಗೆ ಕೊಟ್ಟೆ. ಹತ್ತು ಕಡೆ ಅಗೆದ ಮಣ್ಣನ್ನು ಅವರು ಅದಕ್ಕೆ ತುಂಬಿ ಕಲಸಿದರು. ನಾನು ಬದುವಿನ ಮೇಲೆ ಕೂತು ಚೀಟಿ ಬರೆದೆ. ಒಂದೆರಡು ಹಿಡಿ ಮಣ್ಣನ್ನು ಪೊಟ್ಟಣ ಕಟ್ಟಿ, ಉಳಿದದ್ದನ್ನು ಹಳ್ಳದ ಕಡೆಯ ಮೂಲೆಯಲ್ಲಿ ಸುರಿದು, ಚೀಲವನ್ನು ಅಲ್ಲೇ ಬಡಿದು ಕೊಡವಿದರು. ಧೂಳೆದ್ದು ನನಗೆ ಸೀನು ಬಂತು.

ರಿಪೋರ್ಟ್ ಬಂದಾಗ ಪರೀಕ್ಷೆಯಲ್ಲಿ ಪಾಸಾದವಳ ಹಾಗೆ ಓದಿ ಹೇಳಿದೆ. ಮಣ್ಣು ತುಂಬಾ ಹುಳಿ, ಸುಣ್ಣ ಹಾಕಬೇಕು. ಸಾರಜನಕ ಕಡಿಮೆ. ರಂಜಕ ಬೇಕಾದ್ದಕ್ಕಿಂತ ಹೆಚ್ಚಿದೆ, ಹಾಕುವುದೇ ಬೇಡ.

ಮೇಸ್ತ್ರಿ ತಲೆ ಕೆರೆದುಕೊಂಡರು. "ನಮ್ಮ ಮಣ್ಣಲ್ಲಿ ರಂಜಕ ಹೆಚ್ಚು ಅಂದ್ರೆ ಎಂತದೋ ಆಯ್ತಲ್ಲಮ್ಮಾ. ತೋಟಕ್ಕೆ ವರ್ಷಾ ವರ್ಷಾ ಹಾಕಿದ್ರೂ ಸಾಲಲ್ಲ. ಅಲಸಂದೆ ಹಾಕ್ಬೇಕಾದ್ರೆ ಒಂದ್ ಚೀಲ ರಾಕ್ ಫಾಸ್ಫೇಟ್ ಎರಚ್ಬಿಡನಾ?"

"ಓದಿ ಹೇಳ್ತಾ ಇದೀನಲ್ಲ ಮೇಸ್ತ್ರಿ, ಕಾಗದದಲ್ಲೇ ಇದೆ. ಬೇಡ ಅಂದ್ರೆ ಬೇಡ."

"ಆಯ್ತಮ್ಮಾ. ನೀವು ಓದಿದವ್ರು" ಎಂದರು.

ಸುಣ್ಣ ಹಾಕಿದೆವು. ಬೀಜಕ್ಕೆ ಜೀವಾಣುವಿನ ಪುಡಿ ಹಚ್ಚಲು ಬೆಲ್ಲದ ಪಾಕ ಕಾಯಿಸಿ, ಆರಿಸಿ, ಕಪ್ಪು ಪುಡಿ ಕಲಸಿ, ಅಲಸಂದೆಯನ್ನು ಅದರಲ್ಲಿ ಹೊರಳಿಸಿ ಮೊರದಲ್ಲಿ ನೆರಳಿಗೆ ಹರವಿದೆ. ಮೇಸ್ತ್ರಿಯವರ ಹೆಂಡತಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕೇ ನಕ್ಕರು. "ನನ್ ಬಾಣಂತನಕ್ಕೂ ಇಷ್ಟ್ ಉಪಚಾರ ಯಾರೂ ಮಾಡಿರ್ಲಿಲ್ಲ ಕಣಮ್ಮಾ" ಎಂದರು. ಹೂಮಳೆ ಬಿದ್ದ ಮೂರನೇ ದಿನ ಬಿತ್ತನೆಯಾಯಿತು.

ಅಲ್ಲಿಂದ ಶುರುವಾಯಿತು ನನ್ನ ಒದ್ದಾಟ. ಬೆಳಗಿನ ಕಾಫಿ ಕುಡಿದವಳೇ ಇಳಿಜಾರು ಇಳಿದು ಗದ್ದೆಗೆ ಹೋಗುವುದು, ಬದುವಿನ ಬದಿಯ ನಾಲ್ಕು ಗಿಡ ಕೀಳುವುದು, ಹಳ್ಳದ ನೀರಿನಲ್ಲಿ ಬೇರು ಜಾಲಾಡಿ ನೋಡುವುದು. ಎರಡು ವಾರ ಏನೂ ಇಲ್ಲ. ಮೂರನೇ ವಾರ ಸಾಸಿವೆಯಷ್ಟು ಬಿಳಿ ಕಾಳು ಅಲ್ಲೊಂದು ಇಲ್ಲೊಂದು. ಮನೆಗೆ ಓಡಿ ಬಂದು "ಕಟ್ಟಿತು! ಗಂಟು ಕಟ್ಟಿತು!" ಎಂದು ಕೂಗಿದೆ. ಮಾರನೇ ದಿನ ಉಗುರಿನಲ್ಲಿ ಸೀಳಿದರೆ ಒಳಗೂ ಬಿಳಿ. ನಾಲ್ಕನೇ ವಾರವೂ ಬಿಳಿ. ಗಿಡಗಳು ಗೇಣುದ್ದ ನಿಂತು ಬಿಳಿಚಿಕೊಂಡವು. ರಾತ್ರಿ ಮಲಗಿದರೆ ಕಣ್ಣಮುಂದೆ ಬೇರು, ಬರೀ ಬೇರು.

"ದಿನಾ ಹಿಂಗೆ ಕಿತ್ರೆ ಆ ಬಡಪಾಯಿಗೆ ಕೊಯ್ಯಕ್ಕೆ ಎಂತ ಉಳಿಯತ್ತೆ?" ಎಂದರು ಮನೆಯವರು.

"ನಿಮಗೇನು, ನಿಮ್ಮ ಗದ್ದೆಯಾ ಅದು?"

"ನಿಂದೂ ಅಲ್ವಲ್ಲ ಮಾರಾಯ್ತಿ."

ಆ ಮಾತು ನನಗೆ ನಾಟಬೇಕಿತ್ತು, ನಾಟಲಿಲ್ಲ. ಉರಿದುಹೋಯಿತು ಅಷ್ಟೆ. ನನಗೆ ಆಗ ಮೇಸ್ತ್ರಿಯವರ ಗಂಜಿಗಿಂತ ನನ್ನ ಮಾತು ಗೆಲ್ಲುವುದೇ ಹೆಚ್ಚಾಗಿತ್ತೋ ಏನೋ. ಈಗ ಹಾಗನ್ನಿಸುತ್ತದೆ.

ಮೇಸ್ತ್ರಿ ಒಂದು ದಿನ ಹಿಂಜರಿಯುತ್ತ ಕೇಳಿದರು. "ಅಮ್ಮಾ, ಒಂದ್ ಹಿಡಿ ಯೂರಿಯಾ ಕೊಡನಾ? ಗಿಡ ನೋಡಕ್ಕೆ ಆಗಲ್ಲ." ತೋಟದಲ್ಲಿ ಎಲೆ ಹಳದಿಯಾದರೆ ಎಲ್ಲರ ಕೈಯೂ ಯೂರಿಯಾ ಚೀಲಕ್ಕೇ ಹೋಗುವುದು. ತಪ್ಪೇನಲ್ಲ, ಕಾಫಿಗೆ ಅದು ಸರಿ. ಆದರೆ ಅಲಸಂದೆಗೆ ಯೂರಿಯಾ ಸುರಿದರೆ ಸಾರಜನಕದ ಊಟ ಕೂತಲ್ಲಿಗೇ ಬಂದ ಹಾಗೆ. ಆಮೇಲೆ ಬೇರಿನ ಜೀವಾಣುವನ್ನು ಗಿಡ ಯಾಕೆ ಸಾಕುತ್ತದೆ? ಇರುವ ಗಂಟೂ ಸೊರಗುತ್ತದೆ. ಮೇಲೆ ಹಸಿರು, ಕೆಳಗೆ ಬರಿದು. ಇದನ್ನೆಲ್ಲ ಅವರಿಗೆ ಬಿಡಿಸಿ ಹೇಳಿ, "ಅಪ್ಪಿತಪ್ಪಿಯೂ ಮುಟ್ಟಬೇಡಿ" ಎಂದು ಆಣೆ ಹಾಕಿಸಿಕೊಳ್ಳುವುದೊಂದು ಬಾಕಿ.

ಏಪ್ರಿಲಿನಲ್ಲಿ ಕಳಸದ ನೆಂಟರ ಮನೆಯಲ್ಲಿ ಮದುವೆ. ಒಂದು ವಾರ ಅಲ್ಲಿದ್ದೆ. ಊಟಕ್ಕೆ ಕೂತರೆ ಹುರುಳಿಕಾಯಿ ಪಲ್ಯ ನೋಡಿ ಗದ್ದೆಯ ನೆನಪು. ನಡುವೆ ಎರಡು ಮಳೆ ಬಂತು. ವಾಪಸ್ ಬಂದ ಮರುದಿನ ಬೆಳಗ್ಗೆಯೇ ಇಳಿದೆ. ಗದ್ದೆಯೆಲ್ಲ ಹಾಗೆಯೇ ಬಿಳಿಚಿಕೊಂಡು ನಿಂತಿದೆ. ಆದರೆ ಹಳ್ಳದ ಕಡೆಯ ಮೂಲೆಯಲ್ಲಿ ಒಂದು ಚಾಪೆಯಗಲದ ಜಾಗ ಮಾತ್ರ ಕಡು ಹಸಿರು, ಬಳ್ಳಿ ಮೊಣಕಾಲು ದಾಟಿ ಹೂ ಕಚ್ಚಿದೆ. ಯಾವಾಗಲೂ ಮೇಲಿನ ಬದುವಿನಲ್ಲೇ ಕೂತು ಕೀಳುತ್ತಿದ್ದವಳು ನಾನು, ಆ ಮೂಲೆಗೆ ಹೋದದ್ದೇ ಕಡಿಮೆ.

ನೋಡಿದವಳಿಗೆ ತಲೆಗೆ ರಕ್ತ ಏರಿತು. ನಾನಿಲ್ಲದ್ದು ನೋಡಿ ಯೂರಿಯಾ ಹಾಕಿ ಪರೀಕ್ಷೆ ಮಾಡಿದ್ದಾರೆ! ಒಂದು ಗಿಡ ಕಿತ್ತು ನೋಡುವ ವ್ಯವಧಾನವೂ ಆಗ ಇರಲಿಲ್ಲ. ದಿನಾ ಕೀಳುವವಳು, ಕೀಳಲೇಬೇಕಾದ ದಿನ ಕೀಳಲಿಲ್ಲ. ಬುಸುಗುಡುತ್ತ ದಿಣ್ಣೆ ಹತ್ತಿ ಹಾಜರಿ ಕರೆಯುವ ಜಾಗಕ್ಕೆ ಬಂದೆ. ಇಪ್ಪತ್ತು ಜನ ಆಳುಗಳು ನಿಂತಿದ್ದರು. ಮೇಸ್ತ್ರಿ ಪುಸ್ತಕ ಹಿಡಿದು ಒಬ್ಬೊಬ್ಬರನ್ನೇ ಕರೆಯುತ್ತಿದ್ದರು.

"ಗದ್ದೆಗೆ ಯೂರಿಯಾ ಹಾಕಿದ್ದು ಯಾಕೆ?"

"ಯಾರ್ ಹಾಕಿದ್ರಮ್ಮಾ? ನಾನು ಹಾಕಿಲ್ಲ."

"ಹಂಗಾದ್ರೆ ಆ ಮೂಲೆ ತಾನಾಗಿ ಹಸಿರಾಯ್ತಾ? ದೇವರಮನೆ ದೇವ್ರು ಬಂದು ಹಾಕಿ ಹೋದ್ನಾ?"

ಯಾರೋ ಕಿಸಕ್ಕೆಂದರು. ಮೇಸ್ತ್ರಿ ತಣ್ಣಗೆ ಹೇಳಿದರು, "ನಾನು ಮುಟ್ಟಿಲ್ಲಮ್ಮಾ. ನೀವು ಬೇಡ ಅಂದ್ರಲ್ಲ."

"ಸುಳ್ಳು ಬೇರೆ ಹೇಳ್ತೀಯ!" ಎಂದೆ. ಇಪ್ಪತ್ತೈದು ವರ್ಷ ನೀವು ಎಂದು ಕರೆದವರನ್ನು ಅಷ್ಟು ಜನರ ಎದುರು ನೀನು ಎಂದೆ. "ನಾನು ನಿನ್ನ ಗದ್ದೆಗಾಗಿ ಬಿಸಿಲಲ್ಲಿ ಸಾಯ್ತಾ ಇದ್ರೆ ನೀನು ಬೆನ್ನ ಹಿಂದೆ ಇದೊಂದು ಮಾಡ್ತೀಯ. ನಿನ್ನ ಕೈಲಿ ಆ ಗದ್ದೆ ಉದ್ಧಾರ ಆಗಲ್ಲ. ಕೊಟ್ಬಿಡು ಅವ್ರಿಗೆ, ಕೆರೆನಾದ್ರೂ ಆಗ್ಲಿ!"

ಅವರು ಪುಸ್ತಕದ ಮೇಲೆ ಇಟ್ಟಿದ್ದ ಬೆರಳನ್ನು ಮುಂದಿನ ಹೆಸರಿಗೆ ಜರುಗಿಸಿ ಕರೆದರು. ನಾನು ಮನೆಗೆ ಬಂದು, ತಿಂಡಿ ಸೇರದೆ, ಪಾತ್ರೆ ಕುಕ್ಕುತ್ತ ಇದ್ದೆ.

ಮೂರು ದಿನ ಗದ್ದೆಯ ಕಡೆ ತಲೆ ಹಾಕಲಿಲ್ಲ. ಮೇಸ್ತ್ರಿ ಕೆಲಸಕ್ಕೆ ಬರುತ್ತಿದ್ದರು, ಹೋಗುತ್ತಿದ್ದರು. ನನ್ನ ಹತ್ತಿರ ಮಾತಿಲ್ಲ. ನಾಲ್ಕನೇ ದಿನ ತಡೆಯಲಾಗಲಿಲ್ಲ. ಯೂರಿಯಾ ತಿಂದ ಬೇರು ಬರಿದಾಗಿರುವುದನ್ನು ಕಿತ್ತು ತಂದು ಅವರ ಮುಖಕ್ಕೆ ಹಿಡಿಯಬೇಕು ಎನ್ನಿಸಿತು. ಹೌದು, ಅದಕ್ಕೇ ಹೋದದ್ದು ನಾನು, ಒಳ್ಳೆಯತನಕ್ಕಲ್ಲ.

ಮೂಲೆಯ ಹಸಿರು ಗಿಡವೊಂದನ್ನು ಬುಡ ಹಿಡಿದು ಎಳೆದೆ. ಸುಲಭಕ್ಕೆ ಬರಲಿಲ್ಲ. ಕತ್ತಿಯಿಂದ ಮಣ್ಣು ಸಡಿಲಿಸಿ ಎತ್ತಿದರೆ, ಬೇರಿನ ತುಂಬ ಗಂಟು, ಮೆಣಸಿನ ಕಾಳಿನಷ್ಟು ದಪ್ಪ ದಪ್ಪ, ಗೊಂಚಲು ಗೊಂಚಲು. ಒಂದನ್ನು ಸೀಳಿದೆ. ಕೆಂಪು. ಇನ್ನೊಂದು. ಅದೂ ಕೆಂಪು. ಉಗುರಿಗೆ ಅಂಟುವಷ್ಟು ಕೆಂಪು.

ಯೂರಿಯಾ ಬಿದ್ದ ಬೇರಿನಲ್ಲಿ ಇದು ಸಾಧ್ಯವೇ ಇಲ್ಲ. ಅಯ್ಯೋ ದೇವರೇ, ಅವರು ಹಾಕಿರಲಿಲ್ಲ! ಹಾಗಾದರೆ ಇಲ್ಲಿಗೆ ಬಿದ್ದದ್ದೇನು? ಬುಡದ ಮಣ್ಣನ್ನು ಕೆದಕಿದೆ. ಬೂದು ಬಣ್ಣದ ಹೆಂಟೆಯ ಚೂರುಗಳು ಸಿಕ್ಕವು. ಬೆರಳಲ್ಲಿ ಒತ್ತಿದರೆ ನಯವಾದ ಹುಡಿ. ಎಷ್ಟು ವರ್ಷದಿಂದ ಕಂಡ ಹುಡಿಯಲ್ಲವೇ ಅದು, ರಂಜಕಕ್ಕೆಂದು ತೋಟಕ್ಕೆ ಹಾಕುವ ರಾಕ್ ಫಾಸ್ಫೇಟ್! ಮಣ್ಣಿನ ಪರೀಕ್ಷೆಯ ದಿನ ಮೇಸ್ತ್ರಿ ಚೀಲ ಬಡಿದು ಕೊಡವಿದ ಜಾಗ ಇದೇ. ನಾನು ಗೋಡೌನಿನಿಂದ ತಂದುಕೊಟ್ಟದ್ದು ರಾಕ್ ಫಾಸ್ಫೇಟಿನ ಚೀಲ. ತಳದಲ್ಲಿ ಥಂಡಿಗೆ ಗಟ್ಟಿ ಹಿಡಿದು ಉಳಿದಿದ್ದ ಗೊಬ್ಬರ ಮಣ್ಣಿನ ಜೊತೆ ಕಲಸಿ ಪರೀಕ್ಷೆಗೆ ಹೋಗಿತ್ತು. ರಿಪೋರ್ಟಿನಲ್ಲಿ ಹೇರಳವಾಗಿದ್ದ ರಂಜಕ ಗದ್ದೆಯದ್ದಲ್ಲ, ಚೀಲದ್ದು.

ಗದ್ದೆಯಲ್ಲಿ ರಂಜಕ ಇರಲೇ ಇಲ್ಲ. ರಂಜಕವಿಲ್ಲದೆ ಜೀವಾಣುವಿಗೆ ದುಡಿಯಲು ತ್ರಾಣ ಬರುವುದಿಲ್ಲ. ಗಂಟು ಕಟ್ಟಿದರೂ ಬೆಳ್ಳಗೆ ಉಳಿಯುತ್ತದೆ. ನಾನು ಹಾಕಿದ ಸುಣ್ಣ, ಹಚ್ಚಿದ ಬೆಲ್ಲದ ಪಾಕ ಎಲ್ಲ ಇದ್ದೂ ಆ ಒಂದು ಇಲ್ಲದ್ದಕ್ಕೆ ಇಡೀ ಗದ್ದೆ ಬಿಳಿಚಿ ನಿಂತಿತ್ತು. ಎರಚಿಬಿಡನಾ ಎಂದು ಕೇಳಿದವರನ್ನು ಬೇಡವೆಂದು ತಡೆದವಳು ನಾನೇ.

ಬೇರು ಹಿಡಿದುಕೊಂಡೇ ಓಡಿದೆ. ಮೇಸ್ತ್ರಿ ಮೇಲಿನ ಬ್ಲಾಕಿನಲ್ಲಿ ನೆರಳು ಕಪಾತು ಮಾಡಿಸುತ್ತಿದ್ದರು. ಹಾಲುವಾಣದ ಕೊಂಬೆ ಕಡಿಯುವ ಸದ್ದಿನ ನಡುವೆ ಏದುಸಿರು ಬಿಡುತ್ತ ಎಲ್ಲ ಹೇಳಿದೆ. ಚೀಲದ್ದು, ರಿಪೋರ್ಟಿನದ್ದು, ಕೆಂಪು ಗಂಟಿನದ್ದು. ತಪ್ಪು ನನ್ನದು ಎಂದೆ. ಅವರು ಬೇರು ಇಸಿದುಕೊಂಡು ಒಂದು ಗಂಟನ್ನು ಹಿಚುಕಿ, ಉಗುರಿನ ಕೆಂಪನ್ನು ಬಹಳ ಹೊತ್ತು ನೋಡಿದರು.

"ನಾನು ಹಾಕಿಲ್ಲ ಅಂತ ಗೊತ್ತಾಯ್ತಲ್ಲಮ್ಮಾ?"

"ಗೊತ್ತಾಯ್ತು."

"ಅವತ್ತು ಹೆಂಗೆ ಎಲ್ರ ಎದ್ರಿಗೆ ಅಂದ್ರೋ ಹಂಗೇ ಎಲ್ರ ಎದ್ರಿಗೆ ಹೇಳ್ತೀರಾ?"

"ಹೇಳ್ತೀನಿ. ಇನ್ನೂ ಹೊತ್ತು ಮೀರಿಲ್ಲ ಮೇಸ್ತ್ರಿ, ಈಗಲೇ ಫಾಸ್ಫೇಟ್ ಹಾಕಿ ಇನ್ನೊಂದ್ಸಲ ಬಿತ್ತನ. ಮಳೆಗಾಲದ ಹೊತ್ತಿಗೆ ಬಳ್ಳಿಯಾದ್ರೂ ಆಗುತ್ತೆ, ಉಳೋದಕ್ಕೆ."

ಅವರು ಬೇರನ್ನು ನನ್ನ ಕೈಗೆ ವಾಪಸ್ ಕೊಟ್ಟರು. "ಅವತ್ ಸಾಯಂಕಾಲನೇ ಹೋಗಿ ಪಕ್ಕದ ತೋಟದವ್ರಿಗೆ ಮಾತ್ ಕೊಟ್ಟಾಯ್ತು. ನೀವೇ ಹೇಳಿದ್ರಲ್ಲ, ಕೊಟ್ಬಿಡು ಅಂತ."

ಸಿಟ್ಟಿನಲ್ಲಿ ಆಡಿದ್ದು ಮಾರಾಯರೇ, ಅದನ್ನು ಯಾರಾದರೂ ಹಾಗೆಯೇ ಹಿಡಿದುಕೊಳ್ಳುತ್ತಾರಾ ಎಂದು ಬಾಯಿಗೆ ಬಂತು. ನುಂಗಿದೆ. ನಾನು ಓದಿ ಹೇಳಿದ್ದನ್ನೆಲ್ಲ ಅವರು ಹಾಗೆಯೇ ಹಿಡಿದುಕೊಂಡಿದ್ದರಲ್ಲ.

ಆ ರಾತ್ರಿ ನಿದ್ದೆ ಇರಲಿಲ್ಲ. ಬೆಳಗ್ಗೆ ಹಾಜರಿಯ ಹೊತ್ತಿಗೆ ಹೋಗಿ ನಿಂತೆ. ಅಷ್ಟೇ ಜನ ಇದ್ದರು. "ಮೊನ್ನೆ ನಾನು ಹೇಳಿದ್ದು ಸುಳ್ಳು. ಮೇಸ್ತ್ರಿ ಯೂರಿಯಾ ಹಾಕಿರ್ಲಿಲ್ಲ. ತಪ್ಪೆಲ್ಲ ನಂದೇ. ಅವರನ್ನ ಸುಳ್ಳ ಅಂದಿದ್ದು ದೊಡ್ಡ ತಪ್ಪು" ಎಂದೆ. ಹೆಂಗಸರು ನೆಲ ನೋಡಿದರು. ಮೊನ್ನೆ ಕಿಸಕ್ಕೆಂದವರು ಯಾರೋ, ಇವತ್ತು ಯಾರೂ ನಗಲಿಲ್ಲ. ಮೇಸ್ತ್ರಿ "ಆಯ್ತಮ್ಮಾ" ಎಂದು ಪುಸ್ತಕ ತೆರೆದರು.

ಆಳುಗಳೆಲ್ಲ ಚದುರಿದ ಮೇಲೆ ಅವರ ಹಿಂದೆ ಬಿದ್ದೆ. ಜೀಪು ತರಿಸ್ತೀನಿ, ಈಗಲೇ ಹೋಗನ. ಪಕ್ಕದ ತೋಟದವರ ಹತ್ತಿರ ನಾನೇ ಮಾತಾಡ್ತೀನಿ, ಕಾಲು ಬೇಕಾದ್ರೂ ಹಿಡೀತೀನಿ. ಕಾಗದವಾಗಿಲ್ಲ, ಬರೀ ಮಾತು ತಾನೇ. ಮನೆ ಕಟ್ಟಲು ನಮ್ಮ ತೋಟದಲ್ಲೇ ಜಾಗ ಕೊಡಿಸ್ತೀನಿ, ಗದ್ದೆ ನಿಮ್ಮದೇ ಆಗಿರಲಿ. ಒಂದೇ ಉಸಿರಿನಲ್ಲಿ ಏನೇನೋ ಹೇಳಿದೆ. ಮೇಸ್ತ್ರಿ ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ನಾನು ಮುಗಿಸುವವರೆಗೂ ನಿಂತು ಕೇಳಿದರು.

"ನಿಮ್ಮನೇಲಿ ಸುಳ್ಳ ಅನ್ನಿಸ್ಕೊಂಡಿದ್ದು ಇವತ್ತು ತೊಳೀತು" ಎಂದರು. "ಈಗ ಅವ್ರ ಮನೆಗೆ ಹೋಗಿ ಸುಳ್ಳ ಆಗ್ಲಾ ಅಮ್ಮಾ?"

ಅವರು ಕೆಲಸ ನೋಡಲು ಮೇಲಿನ ಬ್ಲಾಕಿಗೆ ಹೋದರು. ವಾರ ಕಳೆಯುವುದರೊಳಗೆ ಗದ್ದೆಗೆ ಹಿಟಾಚಿ ಇಳಿಯಿತು.